ಮುರಿಗೆಪ್ಪ ಬಿಗಿದ ಪಟ್ಟಿ

ಯಶವಂತಪುರದ ಗೋದಾಮಿನಲ್ಲಿ ವಾಪಸ್ ಬಂದ ಸರಕನ್ನು ಬಿಚ್ಚುವುದು ಈರವ್ವನ ಕೆಲಸ. ಅವಳ ಗಂಡ ಮುರಿಗೆಪ್ಪ ಅಲ್ಲೇ ಸರಕು ಕಟ್ಟುತ್ತಿದ್ದ. ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ ಅಲ್ಲಾಳಸಂದ್ರದ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಕಾರ್ಯ ಮುಗಿದ ಮೇಲೆ ಗೋದಾಮಿನವರೇ ಕರೆದು ಅವಳಿಗೆ ಕೆಲಸ ಕೊಟ್ಟರು.

ಪಟ್ಟಿಗಳ ಗುರುತು ಹೇಳಿಕೊಟ್ಟವನು ಸರ್ಫರಾಜ್. ಮುರಿಗೆಪ್ಪನ ಜೋಡಿಯಾಗಿ ವರ್ಷಗಟ್ಟಲೆ ದುಡಿದವನು. ಎರಕದ ಸಾಮಾನಿನಂಥ ಚೂಪು ಅಂಚಿನ ಭಾರಕ್ಕೆ ಕಬ್ಬಿಣದ ಪಟ್ಟಿ. ಹಗುರವಾದ ರಟ್ಟಿನ ಪೆಟ್ಟಿಗೆಗೆ ತೆಳ್ಳನೆಯ ಬಿಳಿ ಪ್ಲಾಸ್ಟಿಕ್ ಪಟ್ಟಿ. ಬಣ್ಣ ಹಚ್ಚಿದ ಯಂತ್ರಕ್ಕೆ ಗೀರು ಬೀಳಬಾರದೆಂದು ನೇಯ್ದ ಪಟ್ಟಿ, ಮಂಚದ ನವಾರದ ಹಾಗೆ ಇರುತ್ತದೆ. ಮರದ ಪ್ಯಾಲೆಟ್ಟಿನ ಮೇಲೆ ಎತ್ತರಕ್ಕೆ ಒಟ್ಟಿದ್ದಕ್ಕೆ ಹಸಿರು ಪಟ್ಟಿ, ಪಾಲಿಯೆಸ್ಟರಿನದು.

"ಬಿಗಿ ಇರೋ ಪಟ್ಟಿನ ಮಾತ್ರ ಒಬ್ರೇ ಕತ್ತರಿಸ್ಬೇಡಿ ಅಕ್ಕಾ," ಎಂದಿದ್ದ ಸರ್ಫರಾಜ್. "ಎಗರಿ ಮುಖಕ್ಕೇ ಹೊಡಿಯುತ್ತೆ. ಒಬ್ರು ಅಂಗೈ ಊರಿ ಒತ್ತಿ ಹಿಡ್ಕೋಬೇಕು, ಇನ್ನೊಬ್ರು ಪಕ್ಕಕ್ಕೆ ನಿಂತು ಕತ್ತರಿ ಹಾಕ್ಬೇಕು."

ಆ ಮಂಗಳವಾರ ಲಾರಿಯಿಂದ ಇಳಿದ ಪ್ಯಾಲೆಟ್ಟಿನ ಮೇಲೆ ನೀರಿನ ಪಂಪುಗಳಿದ್ದವು. ತರಿಸಿಕೊಂಡ ರಾಯಚೂರಿನ ಅಂಗಡಿ ಮುಚ್ಚಿಹೋಗಿ, ಬಿಡಿಸಿಕೊಳ್ಳುವವರಿಲ್ಲದೆ ಇಡೀ ಬೇಸಿಗೆ ಯಾರದೋ ಶೆಡ್ಡಿನಲ್ಲಿ ಬಿದ್ದಿದ್ದ ಸರಕು. ಕೆಳಗೆ ಅಡ್ಡಲಾಗಿ ಎರಡು ಕಬ್ಬಿಣದ ಪಟ್ಟಿ, ಮೇಲಿಂದ ಉದ್ದಕ್ಕೆ ಒಂದು ಹಸಿರು ಪಟ್ಟಿ. ಕಬ್ಬಿಣದವು ಸಡಿಲವಾಗಿ ಜೋತುಬಿದ್ದಿದ್ದವು. ಬಿಸಿಲಿಗೆ ಮರ ಒಣಗಿ ಕುಗ್ಗಿತ್ತು, ಪೆಟ್ಟಿಗೆಗಳು ಒಂದರ ಮೇಲೊಂದು ಕುಸಿದಿದ್ದವು. ಹಾಗೆ ಸರಕು ಕುಗ್ಗಿದಾಗ ಕಬ್ಬಿಣದ ಪಟ್ಟಿ ತಾನು ಕುಗ್ಗುವುದಿಲ್ಲ; ಎಳೆದಾಗ ಹಿಗ್ಗಿದ ಹಸಿರು ಪಟ್ಟಿ ಸರಕಿನ ಜೊತೆಗೇ ಕುಗ್ಗಿ ಬಿಗಿಯಾಗೇ ಉಳಿಯುತ್ತದೆ. ಈರವ್ವ ಅವೆರಡನ್ನೂ ಒಬ್ಬಳೇ ಕತ್ತರಿಸಿ, ಸುತ್ತಿ ಗುಜರಿ ಚೀಲಕ್ಕೆ ಹಾಕಿದಳು.

ಹಸಿರು ಪಟ್ಟಿಗೆ ಕೈ ಹಾಕಿದಾಗ ಅದು ಅಲುಗಲಿಲ್ಲ. ಉಗುರು ಕೂಡ ಕೆಳಗೆ ತೂರಲಿಲ್ಲ. ಬೆರಳಿನಿಂದ ಮೀಟಿದರೆ ಠಣ್ ಎಂದಿತು. ಆಗ ಅವಳು ಪಟ್ಟಿಯ ಎರಡು ತುದಿ ಸೇರಿಸಿ ಹಿಡಿಯುವ ಕ್ಲಿಪ್ಪು ಎಲ್ಲಿದೆಯೆಂದು ಹುಡುಕಿದಳು. ಅದು ಎಡಗಡೆ ಇತ್ತು.

ಇಡೀ ಗೋದಾಮಿನಲ್ಲಿ ಕ್ಲಿಪ್ಪನ್ನು ಎಡಗಡೆ ಹಾಕುತ್ತಿದ್ದವನು ಒಬ್ಬನೇ. ಪಟ್ಟಿ ಬಿಗಿಯುವ ಉಪಕರಣ ಬಲಗೈಯವರಿಗೆಂದು ಮಾಡಿದ್ದು. ಎಡಗೈಯ ಮುರಿಗೆಪ್ಪ ಅದಕ್ಕಾಗಿ ಪ್ಯಾಲೆಟ್ಟಿನ ಆಚೆ ಬದಿಗೆ ಹೋಗಿ ನಿಲ್ಲುತ್ತಿದ್ದ. ಬಿಗಿದ ಮೇಲೆ ಉಳಿದ ತುದಿಯನ್ನು ಒಳಗೆ ಮಡಚಿ ಸಿಕ್ಕಿಸುತ್ತಿದ್ದ, ಹಮಾಲರ ಕೈಗೆ ತರಚದಿರಲಿ ಎಂದು. ಈ ಪಟ್ಟಿಯ ತುದಿಯೂ ಒಳಗೆ ಮಡಚಿತ್ತು.

ಈರವ್ವ ಗ್ಲೌಸು ತೆಗೆದು ಅದರ ಮೇಲೆ ಬರಿಗೈ ಇಟ್ಟಳು. ಅವನು ಎಳೆದ ಎಳೆತ ಇನ್ನೂ ಹಾಗೇ ಇತ್ತು. ಅವನ ಬಟ್ಟೆಗಳನ್ನು ಊರಿನ ದಾಯಾದಿಗಳಿಗೆ ಕೊಟ್ಟಾಗಿತ್ತು. ದಿಂಬಿನ ವಾಸನೆ ಒಗೆತದಲ್ಲಿ ಹೋಗಿತ್ತು. ಅವನ ತೋಳಿನ ಬಲ ಮಾತ್ರ ಇಲ್ಲಿ, ಈ ಪಂಪಿನ ಪೆಟ್ಟಿಗೆಗಳ ಸುತ್ತ, ಬೇಸಿಗೆಯೆಲ್ಲ ಬಿಡದೆ ಹಿಡಿದುಕೊಂಡಿತ್ತು.

ಕೂಡಲೇ ಅವಳಿಗೆ ಮಗಳ ನೆನಪಾಯಿತು. ನಾಲ್ಕನೇ ಕ್ಲಾಸಿನ ಕೀರ್ತಿ ಮೊನ್ನೆ ಗೋಡೆಯ ಫೋಟೋ ನೋಡುತ್ತಾ, "ಅವ್ವಾ, ಅಪ್ಪನ ಕೈ ಹೆಂಗಿದ್ವು? ನನಗ ನೆನಪಾಗವಲ್ದು," ಎಂದಿದ್ದಳು. ಫೋಟೋ ಎದೆಯವರೆಗೆ ಮಾತ್ರ ಇತ್ತು. ಈರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಏನೇನೋ ಹೇಳಿದ್ದಳು. ದಪ್ಪ ಇದ್ವು, ಒರಟು ಇದ್ವು, ಗಟ್ಟಿ ಇದ್ವು. ಮಗು ತಲೆಯಾಡಿಸಿತ್ತು, ಅಷ್ಟೆ.

ಅವಳು ಸೂಪರ್‌ವೈಸರ್ ನಂದಕುಮಾರನ ಹತ್ತಿರ ಹೋದಳು.

"ಸರ್, ಆ ಪಂಪಿನ ಪ್ಯಾಲೆಟ್ ನಾಳೆ ಬಿಚ್ಚಲೇನ್ರಿ?"

"ಯಾಕಮ್ಮ? ನಾಲ್ಕು ಗಂಟೆಗೆ ತುಮಕೂರು ಗಾಡಿ ಬರುತ್ತೆ. ಅಷ್ಟರಲ್ಲಿ ಒಂದೊಂದ್ ಪಂಪೂ ಓಡಿಸಿ ನೋಡಿ, ಹೊಸದಾಗಿ ಕಟ್ಟಿ ಕಳಿಸ್ಬೇಕು."

"ಅದು ನಮ್ಮ ಮನಿಯವರು ಕಟ್ಟಿದ್ದು ಐತ್ರಿ. ಮನ್ಯಾಗ ಮಗಳು ಅದಾಳ್ರಿ."

ನಂದಕುಮಾರ ಫೋನಿನಿಂದ ತಲೆಯೆತ್ತಿದ. ಎದ್ದು ಬಂದು ಪ್ಯಾಲೆಟ್ಟಿನ ಎಡಗಡೆ ನೋಡಿದ. ಕ್ಲಿಪ್ಪು ನೋಡಿದ ಮೇಲೆ ಅವನ ದನಿ ಇಳಿಯಿತು.

"ನಿಮ್ಮ ಮಗಳನ್ನ ಕರ್ಕೊಂಡ್ ಬಂದು ತೋರಿಸ್ಬೇಕಿತ್ತಾ?"

"ತೋರಿಸೋದಲ್ರಿ. ಮುಟ್ಟಿಸಬೇಕಾಗಿತ್ತು."

"ನಂದೇ ಮಾಲಾಗಿದ್ರೆ ಒಂದು ವಾರ ಇಟ್ಕೊಳ್ಳಿ ಅಂತಿದ್ದೆ ಕಣಮ್ಮ. ತುಮಕೂರಿನವರು ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ತಲೆ ತಿಂತಿದಾರೆ."

ಅಷ್ಟರಲ್ಲಿ ಸರ್ಫರಾಜ್ ಕೈ ಒರೆಸಿಕೊಳ್ಳುತ್ತಾ ಬಂದ. ವಿಷಯ ಕೇಳಿ ಪಟ್ಟಿಯನ್ನು ಒಮ್ಮೆ ಮೀಟಿದ.

"ಅಣ್ಣಂದೇ. ನಾವೆಲ್ಲ ಲೆಫ್ಟ್ ಇಂಡಿಕೇಟರ್ ಅಂತ ರೇಗಿಸ್ತಿದ್ವಿ. 'ನಾನ್ ಎಳೆದಿದ್ದು ನಿಮ್ಮ ಮೊಮ್ಮಕ್ಕಳು ಬಂದ್ರೂ ಸಡಿಲ ಆಗಲ್ಲೋ ಮಕ್ಳಾ' ಅಂತಿದ್ರು." ಅವನು ನಕ್ಕ, ಆಮೇಲೆ ಮುಖ ಆಚೆ ತಿರುಗಿಸಿದ. "ಅಕ್ಕಾ, ಬೈಕ್ ತಗೊಂಡ್ ಹೋಗಿ ಪಾಪುನ ಕರ್ಕೊಂಡ್ ಬರ್ಲಾ?"

"ಇವತ್ತು ಅಕಿಗೆ ಗಣಿತ ಪರೀಕ್ಷೆ ಐತಿ, ತಮ್ಮಾ. ಸಾಲಿ ಬಿಡೋದ ಮೂರೂವರಿಗೆ."

"ಮೂರೂವರೆಗೆ ಹೊರಟು ಹೆಬ್ಬಾಳದ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೆ ಮುಗೀತು," ಎಂದ ನಂದಕುಮಾರ, ತನಗೇ ಹೇಳಿಕೊಂಡ ಹಾಗೆ.

"ವಿಡಿಯೋ ಮಾಡ್ಲಾ ಅಕ್ಕಾ? ಮೀಟಿದ್ರೆ ಸೌಂಡೂ ಬರುತ್ತೆ."

"ಬಿಗಿ ವಿಡಿಯೋದಾಗ ಬರ್ತದೇನೋ?"

ಅವನು ಫೋನನ್ನು ಮತ್ತೆ ಜೇಬಿಗಿಟ್ಟ.

ಊಟದ ಹೊತ್ತಿನವರೆಗೆ ನಂದಕುಮಾರ ಬೇರೆ ಕೆಲಸಗಳನ್ನು ಮುಂದೆ ಹಾಕಿದ. ಇದ್ದ ರಟ್ಟನ್ನೆಲ್ಲ ಒಟ್ಟಿಸಿದ, ಬಾಗಿಲ ಬಳಿ ಗುಡಿಸಿಸಿದ. ಯಾರೂ ಆ ಪ್ಯಾಲೆಟ್ಟಿನ ಕಡೆ ಹೋಗಲಿಲ್ಲ. ಈರವ್ವ ಡಬ್ಬಿ ಬಿಚ್ಚಿಕೊಂಡು ಅದರ ಪಕ್ಕದಲ್ಲೇ ಕುಳಿತಳು. ಒಂದು ಕೈಯಲ್ಲಿ ರೊಟ್ಟಿ ಮುರಿದಳು, ಇನ್ನೊಂದು ಕೈ ಪಟ್ಟಿಯ ಮೇಲಿತ್ತು.

ಎರಡು ಗಂಟೆಗೆ ನಂದಕುಮಾರ ದೂರದಲ್ಲೇ ನಿಂತು, "ಈರವ್ವ, ಇನ್ನು ಆಗಲ್ಲಮ್ಮ," ಎಂದ.

ಸರ್ಫರಾಜ್ ಕತ್ತರಿ ತಂದ. "ನೀವು ಆಚೆ ಹೋಗಿ ಅಕ್ಕಾ, ಬೇರೆ ಯಾರನ್ನಾದ್ರೂ ಹಿಡ್ಕೊಳ್ಳೋಕೆ ಕರೀತೀನಿ."

"ನಾನ ಹಿಡಿತೀನಿ."

"ಗ್ಲೌಸ್ ಹಾಕ್ಕೊಳ್ಳಿ."

"ಬ್ಯಾಡ."

ಅವಳು ಕ್ಲಿಪ್ಪಿನ ಪಕ್ಕದಲ್ಲಿ ಅಂಗೈ ಊರಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಸರ್ಫರಾಜ್ ಪಕ್ಕಕ್ಕೆ ನಿಂತು, ಬಾಯಲ್ಲಿ ಏನೋ ಮಣಮಣಿಸಿ, ಕತ್ತರಿ ಹಾಕಿದ.

ಕೈಯ ಕೆಳಗೆ ಪಟ್ಟಿ ಒಮ್ಮೆ ಜೋರಾಗಿ ಕೊಸರಿತು, ಕೈಗೆ ಸಿಕ್ಕ ಮೀನಿನ ಹಾಗೆ. ಆಮೇಲೆ ಏನೂ ಇರಲಿಲ್ಲ. ಪೆಟ್ಟಿಗೆಗಳು ಸಣ್ಣಗೆ ಸದ್ದು ಮಾಡುತ್ತಾ ಹಿಗ್ಗಿ ತಮ್ಮ ತಮ್ಮ ಜಾಗಕ್ಕೆ ಬಂದವು. ಈರವ್ವ ಕೈ ತೆಗೆಯಲಿಲ್ಲ. ಸರ್ಫರಾಜ್ ಕತ್ತರಿ ಕೆಳಗಿಟ್ಟು, ಅವಳೇ ತೆಗೆಯುವವರೆಗೆ ಕಾದ.

ನಾಲ್ಕರ ಗಾಡಿಗೆ ಪಂಪುಗಳು ಹೋದವು. ಕತ್ತರಿಸಿದ ಹಸಿರು ಪಟ್ಟಿಯನ್ನು ನಂದಕುಮಾರ ಗುಜರಿ ಚೀಲಕ್ಕೆ ಹಾಕಿಸಲಿಲ್ಲ. ಈರವ್ವ ಅದನ್ನು ಸುತ್ತಿ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಮನೆಯಲ್ಲಿ ಕೀರ್ತಿ ಯೂನಿಫಾರಂ ಬಿಚ್ಚದೆ ಕುಳಿತಿದ್ದಳು. ಗಣಿತ ಸುಲಭ ಇತ್ತು ಎಂದಳು. ಚೀಲದಿಂದ ಹೊರಬಿದ್ದ ಸುರುಳಿಯನ್ನು ಕಂಡು, "ಏನವ್ವಾ ಇದು?" ಎಂದು ಕೇಳಿದಳು.

"ನಿಮ್ಮಪ್ಪ ಬಿಗಿದಿದ್ದ ಪಟ್ಟಿ. ಇವತ್ತಿನ ತನ ಹಂಗ ಬಿಗಿ ಇತ್ತು. ಕೈ ಇಟ್ರ ಗೊತ್ತಾಗ್ತಿತ್ತು, ಎಷ್ಟು ಜೋರ ಎಳದಾರಂತ."

ಕೀರ್ತಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಅದು ಗಾಳಿಗೆ ಅಲ್ಲಾಡಿತು. "ಈಗ ಮೆತ್ತಗಾಗೇತಲ್ಲ."

"ಕತ್ತರಿಸಿದ್ವಿ, ಕೂಸ."

ಮಗು ಒಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು, ಗೋಡೆಗೆ ಒರಗಿ ಕುಳಿತು, ಇನ್ನೊಂದು ತುದಿಯನ್ನು ತಾಯಿಯ ಕೈಗೆ ಕೊಟ್ಟಿತು.

"ಅಪ್ಪ ಎಳದಂಗ ಎಳಿ."

ಈರವ್ವ ಎಳೆದಳು. ಕೀರ್ತಿ ನೆಲದ ಮೇಲೆ ಜಾರಿಕೊಂಡು ಬಂದು ಅವಳ ಮಂಡಿಗೆ ತಾಗಿ, ಕಿಲಕಿಲ ನಕ್ಕಳು. "ಹಿಂಗ ಅಲ್ಲ! ನಾ ಈ ಸಲ ಕಿಟಕಿ ಸಳಿ ಹಿಡ್ಕೋತೀನಿ." ಮತ್ತೆ ಹೋಗಿ ಕುಳಿತು, ಒಂದು ಕೈಯಿಂದ ಕಿಟಕಿಯ ಸರಳು ಹಿಡಿದಳು. ಇನ್ನೊಂದು ಅಂಗೈಯನ್ನು ಪಟ್ಟಿಯ ಮೇಲೆ ಇಟ್ಟುಕೊಂಡಳು.

ಈರವ್ವ ಪಟ್ಟಿಯನ್ನು ಕೈಗೆ ಸುತ್ತಿಕೊಂಡು, ಹೊಸ್ತಿಲಿಗೆ ಕಾಲು ಕೊಟ್ಟು, ಮಗುವಿಗೆ ನೋಯಬಾರದೆಂದು ನೋಡಿಕೊಳ್ಳುತ್ತಲೇ, ಆಗುವಷ್ಟು ಎಳೆದು ಹಿಡಿದಳು. ಪಟ್ಟಿ ನೆಟ್ಟಗಾಯಿತು. ಅವಳ ತೋಳು ನಡುಗತೊಡಗಿತು.

ಕೀರ್ತಿ ಕಣ್ಣು ಮುಚ್ಚಿಕೊಂಡು, ಅಂಗೈ ಒತ್ತಿ ನೋಡಿದಳು. "ಇಷ್ಟು ಜೋರಾ, ಅವ್ವಾ?"

"ಇಲ್ಲ, ಕೂಸ," ಎಂದಳು ಈರವ್ವ. "ಇಷ್ಟಲ್ಲ."