ಡಿಫರೆನ್ಷಿಯಲ್ಲಿಗೆ ದೀಪದ ಎಣ್ಣೆ

ಎರಡು ಸಾವಿರದ ಒಂಬತ್ತರ ಧನುರ್ಮಾಸ. ತುಮಕೂರಿನ ಮನೆಯಲ್ಲಿ ನಿಂಗಮ್ಮ ದೇವರ ಗೂಡು ತೊಳೆದವಳು ಅದೇ ಕೈಯಲ್ಲಿ ಮಗನ ಮೇಜನ್ನೂ ಒರೆಸಲು ಹೋದಳು. ಬಟ್ಟೆ ತಗುಲಿ ಪುಟ್ಟದೊಂದು ಸೀಸೆ ಉರುಳಿತು. ಮುಚ್ಚಳ ಸಡಿಲವಿತ್ತೋ ಏನೋ, ಒಳಗಿದ್ದದ್ದೆಲ್ಲ ನೆಲದ ಪಾಲಾಯಿತು.

ಅದು ಮಗ ನಾಗಭೂಷಣ ಬೆಂಗಳೂರಿನಿಂದ ತರಿಸಿಕೊಂಡಿದ್ದ ಸಿಲಿಕೋನ್ ಎಣ್ಣೆ. ರಿಮೋಟಿನಲ್ಲಿ ಓಡುವ, ಮೊಳದುದ್ದದ ರೇಸಿನ ಕಾರು ಅವನದು. ಅದರ ಹಿಂದಿನ ಚಕ್ರಗಳ ನಡುವೆ ನಿಂಬೆಹಣ್ಣಿನಷ್ಟು ಗಾತ್ರದ ಒಂದು ಡಬ್ಬಿ, ಅದರೊಳಗೆ ಹಲ್ಲಿನ ಚಕ್ರಗಳು. ಡಿಫರೆನ್ಷಿಯಲ್ ಅನ್ನುತ್ತಾರೆ. ಕಣದಲ್ಲಿ ಎತ್ತು ಕಟ್ಟಿ ತುಳಿಸುವಾಗ ನಡುವಿನ ಮೇಟಿಕಂಬದ ಪಕ್ಕದ ಎತ್ತು ನಿಧಾನಕ್ಕೆ, ಹೊರಗಡೆಯದು ಬಿರಬಿರನೆ ಹೆಜ್ಜೆ ಹಾಕುತ್ತದಲ್ಲ, ಕಾರು ತಿರುಗುವಾಗ ಎರಡು ಚಕ್ರಗಳಿಗೂ ಹಾಗೆ ಬಿಟ್ಟುಕೊಡುವುದು ಆ ಡಬ್ಬಿಯ ಕೆಲಸ. ಎಣ್ಣೆ ಮಂದವಾದರೆ ಬಿಗಿ, ತೆಳುವಾದರೆ ಸಡಿಲ. ನಾಗಭೂಷಣ ಎರಡು ಬೆರಳಿನ ನಡುವೆ ಒಂದು ಹನಿ ಉಜ್ಜಿ, ಕಣ್ಣು ಮುಚ್ಚಿ, ಅದು ಯಾವ ಸೀಸೆಯದೆಂದು ಹೇಳುತ್ತಿದ್ದ.

ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲೂ ಅವನದು ಬೆರಳಿನದೇ ಕೆಲಸ. ಕೊರೆದ ಗೇರಿನ ಹಲ್ಲನ್ನು ಸವರಿ ಪಾಸು ಮಾಡುವುದು. ಮಳೆಗಾಲದಲ್ಲಿ ಗುಬ್ಬಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ತಲೆಗೂ ಕುತ್ತಿಗೆಗೂ ಪೆಟ್ಟಾದ ಮೇಲೆ ಮನೆಯಲ್ಲೇ ಉಳಿದಿದ್ದ. ಗಾಯ ಮಾಯ್ದಿತ್ತು. ಮಾತು ಮಾತ್ರ ಕಡಿಮೆಯಾಗಿತ್ತು. ಆ ವಾರ ತಾನಾಗಿಯೇ ಬಾಯಿಬಿಟ್ಟಿದ್ದ: “ಭಾನುವಾರ ಕುಣಿಗಲ್‌ನಲ್ಲಿ ಕಾರು ಸರ್ಯಾಗಿ ಓಡ್ತು ಅಂದ್ರೆ ಸೋಮವಾರ ಕೆಲ್ಸಕ್ಕೆ ಹೋಯ್ತೀನಿ ಕಣವ್ವ. ನನ್ ಕೈಗೆ ಅದೇ ಪರೀಕ್ಷೆ.”

ಇಂಥ ಹೊತ್ತಿನಲ್ಲಿ ಸೀಸೆ ಚೆಲ್ಲಿತೆಂದು ಹೇಗೆ ಹೇಳುವುದು? ನಿಂಗಮ್ಮ ದೇವರ ಗೂಡಿನತ್ತ ನೋಡಿದಳು. ಗುಬ್ಬಿ ಕಡೆಯ ತವರಿನ ತೋಟದ ಕಾಯಿ ಒಣಗಿಸಿ ತಾನೇ ತೆಗೆದ ಕೊಬ್ಬರಿ ಎಣ್ಣೆ ಅಲ್ಲಿತ್ತು, ದೀಪದ ಶಾಖಕ್ಕೆ ಕರಗಿ ಕೆರೆಯ ತಿಳಿನೀರಿನ ಹಾಗೆ. ದೇವರ ದೀಪಕ್ಕೆ ಸಲ್ಲುವ ಎಣ್ಣೆ ಮಗನ ಕಾರಿಗೆ ಸಲ್ಲದೆ ಹೋಗುತ್ತದೆಯೇ ಅನ್ನಿಸಿತು. ಕೈಮುಗಿದು, ಸೀಸೆಗೆ ತುಂಬಿದಳು.

ಮಧ್ಯಾಹ್ನ ಬಿಸಿಲಿಗೆ ಕೂತು ನಾಗಭೂಷಣ ಡಬ್ಬಿ ಬಿಚ್ಚಿದ. ಹನಿ ಉಜ್ಜಿ ಕಣ್ಣು ಮುಚ್ಚಿದ. ನಿಂಗಮ್ಮ ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು. “ಇದೇ ಕಣವ್ವ” ಎಂದು ಅವನು ತುಂಬಿಯೇಬಿಟ್ಟ. ಎಲ್ಲ ಎಣ್ಣೆಯೂ ಒಂದೇ ಇರಬೇಕು ಅಂದುಕೊಂಡು ಅವಳು ಒಳಗೆ ಹೋದಳು.

ಭಾನುವಾರ ಮೊದಲನೆಯ ಬಸ್ಸಿಗೆ ಅವಳೂ ಹೊರಟಳು. ರೇಸು ಮುಗಿದ ಮೇಲೆ ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು ಬರುವುದೆಂದು ಮಾತಾಗಿತ್ತು. ಕುಣಿಗಲ್ಲಿನಲ್ಲಿ ಮೂಳೆ ನಡುಗಿಸುವ ಚಳಿ. ಮುಚ್ಚಿಹೋದ ಅಕ್ಕಿ ಗಿರಣಿಯ ಸಿಮೆಂಟು ಕಣದಲ್ಲಿ ಹುಡುಗರು ಮೂಟೆ ಜೋಡಿಸಿ ಟ್ರ್ಯಾಕು ಮಾಡಿದ್ದರು. ವರ್ಕ್‌ಶಾಪಿನ ಗೆಳೆಯ ಚನ್ನವೀರಯ್ಯ ಮಫ್ಲರು ಸುತ್ತಿಕೊಂಡು ಕಾದಿದ್ದ.

“ಸೆಟ್ಟಿಂಗ್ ಎಂಗೈತ್ಲಾ?”

ನಾಗಭೂಷಣ ಒಂದು ಚಕ್ರ ಹಿಡಿದು ಇನ್ನೊಂದನ್ನು ತಿರುಗಿಸಿ ನೋಡಿ, “ಬೆಣ್ಣೆ” ಅಂದ.

ಕಾರು ನೆಟ್ಟಗೆ ಬಾಣದ ಹಾಗೆ ಹೋಯಿತು. ತಿರುವು ಬಂತು. ತಿರುಗಲಿಲ್ಲ. ಹೋಗಿ ಮೂಟೆಗೆ ಗುದ್ದಿತು. ಎತ್ತಿ ಬಿಟ್ಟರೆ ಮತ್ತೆ ಅದೇ ಕಥೆ.

“ಲೋ, ಗಾಣದ ಎತ್ತಾದ್ರೂ ತಿರುಗ್ತದೆ ಕಣೋ, ನಿನ್ ಕಾರು ಮಾವನ ಮನೆಗೆ ಹೊರಟಂಗೆ ನೆಟ್ಟಗೆ ಹೋಯ್ತದಲ್ಲೋ!” ಎನ್ನುತ್ತ ಚನ್ನವೀರಯ್ಯ ಡಬ್ಬಿ ಬಿಚ್ಚಿದ. ಒಳಗೆ ಬೆಳ್ಳಗೆ ಗಡ್ಡೆ ಕಟ್ಟಿತ್ತು. ಮೂಸಿದವನು ಬಿದ್ದುಬಿದ್ದು ನಕ್ಕ. “ಕೊಬ್ರಿ ಎಣ್ಣೆ! ತಲೆಗೆ ಹಚ್ಕೊಳೋದನ್ನ ಕಾರಿಗೆ ಹಾಕವ್ನಲ್ರೋ!”

ನಿಂಗಮ್ಮ ಸೆರಗು ಬಿಗಿಹಿಡಿದು ಮುಂದೆ ಬಂದಳು. “ಅವನದೇನೂ ತಪ್ಪಿಲ್ಲ ಕಣಪ್ಪ. ಸೀಸೆ ಚೆಲ್ಲಿದೋಳೂ ನಾನೇ, ತುಂಬಿದೋಳೂ ನಾನೇ. ಚಳೀಗೆ ಗಟ್ಟಿಯಾಯ್ತದೆ ಅನ್ನೋದು ತಲೆಗೇ ಹೊಳೀಲಿಲ್ಲ.”

“ಅಯ್ಯೋ ನಿಂಗವ್ವ! ಒಗ್ಗರಣೆನೂ ಹಾಕ್ಬುಡ್ಬೇಕಿತ್ತು ಬುಡು!” ಚನ್ನವೀರಯ್ಯನ ಮಾತಿಗೆ ಸುತ್ತಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು, ಮಗನ ಕೈಯಲ್ಲಿ ದೋಷವಿಲ್ಲವೆಂದು ಎಲ್ಲರಿಗೂ ತಿಳಿಯಿತಲ್ಲ, ಎದೆ ಹಗುರಾಗಿತ್ತು.

ನಾಗಭೂಷಣ ನಗಲಿಲ್ಲ. “ಚನ್ನ, ವಾಸ್ನೆ ಬತ್ತೈತಾ?” ಎಂದು ಕೇಳಿದ.

“ಮೂರು ಊರಿಗೆ ಬತ್ತೈತೆ ಕಣೋ.”

ಅವನು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದ. ತುಸು ಹೊತ್ತು ಹಾಗೇ ಹಿಡಿದಿದ್ದ. ಆಮೇಲೆ ಬೆಳ್ಳನೆಯ ಗಡ್ಡೆಯನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದ, ಈ ಸಲ ಕಣ್ಣು ತೆರೆದೇ.

“ಬಿದ್ದಾಗಿಂದ ಮೂಗೂ ಇಲ್ಲ, ಬೆರಳೂ ಇಲ್ಲ ಕಣವ್ವ. ಡಾಕ್ಟರು ಕೇಳಿದ್ರೆ ಎಲ್ಲ ಗೊತ್ತಾಯ್ತದೆ ಅಂದಿದ್ದೆ. ಇದು ತಣ್ಣಗೈತೋ ಬಿಸಿ ಐತೋ, ಅದೂ ತಿಳೀತಿಲ್ಲ.”

ಚನ್ನವೀರಯ್ಯ ಮಫ್ಲರು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

“ಸೋಮವಾರ ಬರಾಕಿಲ್ಲ ಅಂತ ಹೇಳ್ಬುಡು ಚನ್ನ. ಕಾರು ನೀನೇ ಇಟ್ಕೊ.”

ತಾನು ಬಾಯಿ ಮುಚ್ಚಿಕೊಂಡಿದ್ದರೆ ಎಣ್ಣೆ ಕಳಿಸಿದವರದೇ ತಪ್ಪೆಂದಾದರೂ ಅವನು ಅಂದುಕೊಳ್ಳುತ್ತಿದ್ದನೇನೋ ಎಂದು ನಿಂಗಮ್ಮನಿಗೆ ಬಸ್ಸಿನುದ್ದಕ್ಕೂ ಅನ್ನಿಸಿತು. ಮಗ ಕಿಟಕಿಯಾಚೆ ನೋಡುತ್ತಿದ್ದ.

ಯಡಿಯೂರಿನ ಗುಡಿಯಲ್ಲಿ ಏನು ಬೇಡಬೇಕೆಂದು ಅವಳಿಗೆ ತೋಚಲಿಲ್ಲ. ಮಂಗಳಾರತಿ ತಟ್ಟೆ ಬಂತು. ನಾಗಭೂಷಣ ಉರಿಯ ಮೇಲೆ ಕೈಯೊಡ್ಡಿದ. ಒಡ್ಡಿದವನು ತೆಗೆಯಲಿಲ್ಲ. ಪೂಜಾರಿ ಬೆಚ್ಚಿ ತಟ್ಟೆ ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ನಿಂಗಮ್ಮ ಅವನ ಕೈ ಸೆಳೆದು ಸೆರಗಿನಲ್ಲಿ ಮುಚ್ಚಿದಳು. ಬೆರಳ ತುದಿ ಕೆಂಪಗಾಗಿತ್ತು.

“ಸುಟ್ತೇನಪ್ಪಾ?”

ಅವನು ಇಲ್ಲವೆಂದು ತಲೆಯಾಡಿಸಿದ.

ಅವಳು ತನ್ನ ಎರಡೂ ಅಂಗೈಯನ್ನು ಆರತಿಗೆ ಹಿಡಿದು, ಆ ಬಿಸಿ ಆರುವುದರೊಳಗೆ ಮಗನ ಮುಚ್ಚಿದ ಕಣ್ಣುಗಳ ಮೇಲೆ ಒತ್ತಿ ಹಿಡಿದಳು.

“ಬೆಚ್ಚಗೈತೆ ಕಣವ್ವ” ಎಂದ ಅವನು. ಅವಳ ಅಂಗೈ ಒದ್ದೆಯಾಯಿತು.