ಹಾಲಿನ ಕ್ಯಾನೂ ಕಾರ್ಬನ್ ಸೈಕಲ್ಲೂ

ನಮ್ಮ ಕಡೆ ಎರಡು ಚಕ್ರ ಕಂಡರೆ ಸಾಕು, ಅದರ ಮೇಲೊಂದು ಹೊರೆ ಏರಿಸುತ್ತೇವೆ. ಟೊಮೆಟೊ ಬಾಕ್ಸು, ಹಿಪ್ಪುನೇರಳೆ ಸೊಪ್ಪಿನ ಮೂಟೆ, ಹಾಲಿನ ಕ್ಯಾನು. ಹೊರದಿದ್ದರೆ ಅದೆಂಥ ಸೈಕಲ್ಲು ಎಂದು ಕೇಳುತ್ತೇವೆ.

ಹೋಳೂರಿನ ಮುನಿರಾಮಪ್ಪನೂ ಹಾಗೇ ಅಂದುಕೊಂಡ. ರೇಷ್ಮೆ ಬೆಳೆಯುವವನು, ಎರಡು ಹಸು ಕಟ್ಟಿದ್ದವನು. ೨೦೦೭ರ ಚಳಿಗಾಲದಲ್ಲಿ ಅವನ ಮೊಪೆಡ್ ಕೆಟ್ಟು ನಿಂತಿತು. ಮಗಳು ಆದಿಲಕ್ಷ್ಮಿಯ ರೇಸ್ ಸೈಕಲ್ಲು ಗೋಡೆಗೆ ಒರಗಿತ್ತು. ಅದರ ಹ್ಯಾಂಡಲ್ಲಿಗೆ ಕ್ಯಾನು ತಗುಲಿಹಾಕಿ ಡೇರಿಗೆ ತಳ್ಳಿಕೊಂಡು ಹೋದ. ದಾರಿಯಲ್ಲಿ ಗುಂಡಿ ಸಿಕ್ಕಿದಾಗಲೆಲ್ಲ ಕ್ಯಾನು ತೂಗಾಡಿ ಸೈಕಲ್ಲಿನ ಕೆಳಗಿನ ಕೊಳವೆಗೆ ಬಡಿಯಿತು. ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆ ಬಿತ್ತು. ಅವನು ಅದರ ಮೇಲೊಂದು ಸ್ಟಿಕ್ಕರ್ ಅಂಟಿಸಿದ.

ಅದು ಕಾರ್ಬನ್ ಸೈಕಲ್ಲು. ರೇಸು ಬಿಟ್ಟ ಕೋಲಾರದ ಹಿರಿಯ ಸೈಕಲ್ ಆಟಗಾರ್ತಿಯೊಬ್ಬಳು ಆದಿಲಕ್ಷ್ಮಿಯ ಓಟ ಮೆಚ್ಚಿ ಕೊಟ್ಟದ್ದು. ಒಂದೇ ಕೈಯಲ್ಲಿ ಎತ್ತಬಹುದಿತ್ತು. ಬೆಳಗಿನ ಮಂಜಿನಲ್ಲಿ ಹೊರಟರೆ ಹಿಪ್ಪುನೇರಳೆ ತೋಟ, ಬಂಡೆ, ಕೆರೆ ಏರಿ ಎಲ್ಲವೂ ಕರಗಿ ಹೋಗುತ್ತಿದ್ದವು. ತಾನು ತುಳಿಯುತ್ತಿಲ್ಲ, ಯಾರೋ ತನ್ನನ್ನು ಹಗುರವಾಗಿ ಎತ್ತಿ ಒಯ್ಯುತ್ತಿದ್ದಾರೆ ಎಂದು ಹುಡುಗಿಗೆ ಅನ್ನಿಸುತ್ತಿತ್ತು. ಕಣ್ಣು ಮುಚ್ಚಿದರೂ ಅದೇ ಬಿಳಿ ದಾರಿ.

ಬರುವ ಭಾನುವಾರ ರೇಸು. ಮುಳಬಾಗಿಲಿನಿಂದ ನಂಗಲಿ ಕಡೆಗೆ ಹೆದ್ದಾರಿಯಲ್ಲಿ, ಉದ್ದದ ಇಳಿಜಾರಿನಲ್ಲಿ.

ಶುಕ್ರವಾರ ಟೇಕಲ್‌ನಿಂದ ಅವಳ ಚಿಕ್ಕಮ್ಮ ಸುನಂದ ಬಂದಳು. ಮಾಲೂರಿನ ಒಂದು ಕಾರ್ಖಾನೆಯಲ್ಲಿ ಫೈಬರ್ ನೀರಿನ ತೊಟ್ಟಿ ಮಾಡುವವಳು. ಸೈಕಲ್ಲು ನೋಡುತ್ತ ಸ್ಟಿಕ್ಕರಿನ ಮೇಲೆ ಬೆರಳಾಡಿಸಿದಳು.

“ಇದೇನು ಬಾವ, ಸೈಕಲ್ಲಿಗೂ ಬೊಟ್ಟು ಇಟ್ಟಿದ್ದೀರ?”

“ಒಂದು ಗೀರು ಬಿದ್ದಿತ್ತು. ಕಾಣದೆ ಇರ್ಲಿ ಅಂತ.”

ಸುನಂದ ಸ್ಟಿಕ್ಕರ್ ಕಿತ್ತಳು. ಸೊಂಟದ ಚೀಲದಿಂದ ಒಂದು ರೂಪಾಯಿ ಬಿಲ್ಲೆ ತೆಗೆದು ಕೊಳವೆಯ ಉದ್ದಕ್ಕೂ ಮೆಲ್ಲಗೆ ತಟ್ಟಿದಳು. ಟಕ್, ಟಕ್, ಟಕ್. ಗೆರೆಯ ಹತ್ತಿರ ಬಂದಾಗ ಸದ್ದು ಮಂಕಾಯಿತು. ಡಬ್.

“ಒಳಗೆ ಒಡೆದಿದೆ. ಇದನ್ನ ಹತ್ತಬೇಡ ಕಣೇ ಆದಿ.”

ಆದಿಲಕ್ಷ್ಮಿಯ ಮುಖ ಇಳಿದುಹೋಯಿತು. “ಚಿಕ್ಕಮ್ಮ, ಭಾನುವಾರ ಒಂದು ದಿನ ಓಡಿಸ್ಕೊಂಡು ಬರ್ತೀನಿ. ಆಮೇಲೆ ರಿಪೇರಿ ಮಾಡ್ಸೋಣ.”

“ಹೂಂ, ಓಡಿಸ್ಲಿ ಬಿಡು,” ಎಂದ ಮುನಿರಾಮಪ್ಪ. “ತೊಟ್ಟಿ ಮಾಡೋಳು ನೀನು, ಸೈಕಲ್ಲಿಗೆ ಯಾವಾಗ ಡಾಕ್ಟರಮ್ಮ ಆದೆ? ಅಷ್ಟು ಭಯ ಇದ್ರೆ ನಂಗಲಿಯಲ್ಲಿ ವೆಲ್ಡಿಂಗ್ ಹಾಕಿಸ್ತೀನಿ. ಅಲ್ಲಿ ಲಾರಿಗೇ ಹಾಕ್ತಾರೆ!”

“ಬಾವ, ರೇಷ್ಮೆ ಗೂಡಲ್ಲಿ ಏನಿರುತ್ತೆ?”

“ಹುಳ ಇರುತ್ತೆ.”

“ಅಯ್ಯೋ ದೇವುಡಾ, ಹುಳ ಬಿಡಿ. ಗೂಡು ಯಾವುದರಲ್ಲಿ ಕಟ್ಟಿರುತ್ತೆ?”

“ದಾರ. ದಾರಕ್ಕೆ ಅಂಟು. ನಂಗೇ ಹೇಳಿಕೊಡ್ತೀಯಾ?”

“ಇದೂ ಅಷ್ಟೇ. ಕೂದಲಿಗಿಂತ ಸಣ್ಣ ಕಪ್ಪು ದಾರ, ಅದಕ್ಕೆ ಅಂಟು. ಗೂಡಿಗೆ ಬೆಂಕಿ ಇಟ್ಟರೆ ಬೆಸುಗೆ ಆಗುತ್ತಾ?”

ಸುನಂದಳ ಅಕ್ಕ, ಆದಿಲಕ್ಷ್ಮಿಯ ತಾಯಿ ಆಂಜಿನಮ್ಮ ಒಲೆಯ ಮುಂದಿನಿಂದಲೇ ನಕ್ಕಳು. “ಹೇಳ್ರೀ, ಹೇಳ್ರೀ.”

“ಕಬ್ಬಿಣದ ಸೈಕಲ್ಲು ಬಗ್ಗುತ್ತೆ ಬಾವ, ಮುಂಚೆನೇ ಗೊತ್ತಾಗುತ್ತೆ. ಇದು ಹೇಳದೆ ಕೇಳದೆ ತಟ್ಟನೆ ಮುರಿಯುತ್ತೆ. ಇಳಿಜಾರಲ್ಲಿ ಮುರಿದರೆ ಹಿಂದಿನಿಂದ ಲಾರಿ ಬರ್ತಿರುತ್ತೆ.”

“ದೇವರಿದ್ದಾನೆ ಬಿಡು.”

“ಇದ್ದಾನೆ. ಅದಕ್ಕೇ ಇವತ್ತೇ ತೋರಿಸಿದ್ದಾನೆ. ಅದರ ಮೇಲೆ ಸ್ಟಿಕ್ಕರ್ ಅಂಟಿಸಿದೋರು ನೀವು.”

ಮುನಿರಾಮಪ್ಪ ಸಿಟ್ಟಿನಿಂದ ಬಿಲ್ಲೆ ಕಿತ್ತುಕೊಂಡ. ತಾನೇ ತಟ್ಟಿದ. ಟಕ್, ಟಕ್, ಡಬ್. ಮತ್ತೆ ತಟ್ಟಿದ. ಗೆರೆಯ ಮೇಲೆ ಹೆಬ್ಬೆರಳು ಒತ್ತಿದ. ಕೊಳವೆ ಒಂದಿಷ್ಟು ಒಳಕ್ಕೆ ಹೋಯಿತು. ಸಂತೆಯಲ್ಲಿ ಅಮುಕಿ ನೋಡಿ ಒಳಗೆ ಕೆಟ್ಟ ರೇಷ್ಮೆ ಗೂಡನ್ನು ಅವನ ಬೆರಳು ಎಷ್ಟೋ ವರ್ಷದಿಂದ ಗುರುತಿಸುತ್ತ ಬಂದಿತ್ತು. ಬಿಲ್ಲೆಯನ್ನು ಸುನಂದಳ ಕೈಗೆ ಕೊಟ್ಟು, ಸೈಕಲ್ಲಿನ ಎರಡೂ ಚಕ್ರ ಬಿಚ್ಚಿದ.

“ಅಪ್ಪಾ!”

“ಬಯ್ಕೋ ನನ್ನ. ಎಷ್ಟು ಬೇಕೋ ಬಯ್ಕೋ. ಹತ್ತೋಕೆ ಮಾತ್ರ ಬಿಡಲ್ಲ.”

ಆದಿಲಕ್ಷ್ಮಿ ಊಟ ಬಿಟ್ಟಳು. ಮರುದಿನ ಅಪ್ಪ, ಚಿಕ್ಕಮ್ಮನ ಜೊತೆ ಸೈಕಲ್ಲು ರಿಪೇರಿಗೆ ಒಯ್ಯುವಾಗ, ಮಾಲೂರಿನವರೆಗೂ ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು.

“ತೊಟ್ಟಿ ಆದ್ರೆ ನಾನೇ ಮುಚ್ತಿದ್ದೆ,” ಎಂದಳು ಸುನಂದ. “ಇದರ ಮೇಲೆ ಪ್ರಾಣ ಕೂರುತ್ತೆ. ಕಲಿತೋರೇ ಮುಟ್ಟಬೇಕು.” ವಿಮಾನದ ಬಿಡಿಭಾಗ ಮಾಡುವ ಕಡೆ ಕೆಲಸ ಮಾಡಿ ಬಂದಿದ್ದ ವೆಂಕಟರಮಣಪ್ಪನವರ ಬಳಿ ಕರೆದೊಯ್ದಳು.

ಅವರು ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು ಬಣ್ಣ ಕೆರೆದರು. ಮೇಲೆ ಕೂದಲೆಳೆಯಷ್ಟು ಕಂಡದ್ದು ಕೆಳಗೆ ಕೊಳವೆಯ ಅರ್ಧ ಸುತ್ತು ಹೋಗಿತ್ತು. ಆದಿಲಕ್ಷ್ಮಿ ಅದನ್ನು ನೋಡಿದಳು. ಅಪ್ಪನ ಅಂಗಿಯ ತುದಿ ಹಿಡಿದುಕೊಂಡಳು.

ವೆಂಕಟರಮಣಪ್ಪ ಬಿರುಕಿನ ಸುತ್ತ ಅಗಲವಾಗಿ, ಇಳುಕಲಾಗಿ ಉಜ್ಜಿದರು. ಅಂಟಿನಲ್ಲಿ ನೆನೆಸಿದ ಕಪ್ಪು ಬಟ್ಟೆಯನ್ನು ಒಮ್ಮೆ ನೇರ, ಒಮ್ಮೆ ಓರೆ, ಪದರದ ಮೇಲೆ ಪದರ ಸುತ್ತಿದರು. ಬೆಳದಿಂಗಳಲ್ಲಿ ಕೆರೆಯ ನೀರು ಮಿನುಗುವ ಹಾಗೆ ಅದು ಮಿನುಗುತ್ತಿತ್ತು. ಮೇಲೆ ಬಿಗಿಯಾಗಿ ಟೇಪು ಬಿಗಿದು, ಹದವಾಗಿ ಕಾಯಿಸಲು ಇಟ್ಟರು. “ಆತುರ ಬೇಡಮ್ಮ. ಅಂಟು ಪೂರ್ತಿ ಗಟ್ಟಿಯಾಗ್ಲಿ. ಆಮೇಲೆ ಪರೀಕ್ಷೆ ಮಾಡಿ ಕೊಡ್ತೀನಿ.”

ಭಾನುವಾರ ಅಪ್ಪ ಮಗಳು ಇಳಿಜಾರಿನ ಅಂಚಿನಲ್ಲಿ ನಿಂತು ರೇಸು ನೋಡಿದರು. ಮಂಜಿನೊಳಗಿಂದ ಸೈಕಲ್ಲುಗಳು ಜೇನುಹುಳುವಿನ ಗುಂಪಿನಂತೆ ಗುಂಯ್ ಎನ್ನುತ್ತ ಬಂದು, ಮಂಜಿನೊಳಗೇ ಕರಗಿದವು. ಹುಡುಗಿ ಅತ್ತಳು. ಮುನಿರಾಮಪ್ಪ ಸಮಾಧಾನ ಹೇಳಲಿಲ್ಲ. ಅವಳು ಅಳುವುದನ್ನು, ಎರಡು ಕಾಲಿನ ಮೇಲೆ ನಿಂತು ಅಳುವುದನ್ನು, ಸುಮ್ಮನೆ ನೋಡುತ್ತಿದ್ದ.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಇಂಥ ಸೈಕಲ್ಲು ಇರಬಹುದು. ಅದಕ್ಕೆ ಹೊರೆ ತಗುಲಿಹಾಕಬೇಡಿ. ಬಿದ್ದಿತೋ, ಏಟು ತಿಂದಿತೋ, ಮೊದಲು ಇಳಿಯಿರಿ. ಒರೆಸಿ ನೋಡಿ, ಬಿಲ್ಲೆಯಿಂದ ತಟ್ಟಿ ಕೇಳಿ. ಸದ್ದು ಸರಿಯಿದ್ದರೂ ಅನುಮಾನ ಹೋಗದಿದ್ದರೆ ಬಲ್ಲವರಿಗೆ ತೋರಿಸಿ. ಬೆಸುಗೆ ಹಾಕಿಸಬೇಡಿ. ಸ್ಟಿಕ್ಕರ್ ಅಂಟಿಸಿ ಕಣ್ಣಿಗೆ ಮಣ್ಣೆರಚಿಕೊಳ್ಳಬೇಡಿ. ಮುಂದಿನ ಚಕ್ರದ ಕವಲೋ ಹ್ಯಾಂಡಲ್ಲೋ ಒಡೆದಿದ್ದರೆ ತೇಪೆ ಬೇಡವೇ ಬೇಡ, ಹೊಸದು ಹಾಕಿಸಿ. ರೇಸು ಮುಂದಿನ ವರ್ಷವೂ ಬರುತ್ತದೆ. ಓಡಿಸಲು ನಿಮ್ಮ ಮಗಳು ಇರಬೇಕು.