ರೆನಾಟಾಳ ಹರಕು ಸ್ಪೀಕರು

ಅಮೆರಿಕದ ಮಿಲ್ವಾಕಿ ಊರಿನ ದಕ್ಷಿಣದ ಬೀದಿಗಳಲ್ಲಿ ರೆನಾಟಾ ಕುಚೆಕ್ ಅಂದರೆ ಯಾರಿಗೆ ಗೊತ್ತಿಲ್ಲ ಹೇಳಿ! ‘ಸಾಲ್ಟ್ ಟ್ರಕ್’ ತಂಡದ ಬೇಸ್ ಗಿಟಾರಿನವಳು. ಬೇರೆಯವರು ಬೆರಳಲ್ಲಿ ಮೀಟಿದರೆ ಇವಳ ಕೈಯಲ್ಲಿ ಕಾಫಿ ಡಬ್ಬದ ಮುಚ್ಚಳದಿಂದ ಕತ್ತರಿಸಿಕೊಂಡ ತಗಡಿನ ಚೂರು. ಮೀಟುವುದೆಲ್ಲಿ ಬಂತು, ಬಡಿಯುವುದೇ! ಅಂಗಡಿಯಲ್ಲಿ ಸಿಗುವ ಅತಿ ದಪ್ಪನೆಯ ತಂತಿ ತಂದು, ಅದನ್ನೂ ಸಡಿಲ ಬಿಟ್ಟು ಶ್ರುತಿ ಇಳಿಸಿ, ಎರಡೆರಡು ತಂತಿಗೆ ಒಟ್ಟಿಗೇ ಏಟು ಹಾಕುತ್ತಿದ್ದಳು. ಬೇರೆ ತಂಡಗಳಲ್ಲಿ ಗಿಟಾರಿನ ಹಿಂದೆ ಬೇಸ್ ನಡೆಯುತ್ತದೆ. ಇಲ್ಲಿ ಗಿಟಾರು ಬಾರಿಸುತ್ತ ಕಿರುಚುವ ಕರ್ಟಿಸ್‌ನೂ ಡ್ರಮ್ಮಿನ ಡುವೇನನೂ ಏದುಸಿರು ಬಿಡುತ್ತ ಅವಳ ಹಿಂದೆ ಓಡಬೇಕಿತ್ತು.

ಆಳೆತ್ತರದ ಸ್ಪೀಕರು ಪೆಟ್ಟಿಗೆಯನ್ನು ಅವಳು ಕೊಂಡದ್ದು ಮದುವೆಗಳಲ್ಲಿ ಪೋಲ್ಕಾ ಕುಣಿತಕ್ಕೆ ಬಾರಿಸಿ ಸಾಕಾಗಿ ಮನೆಯಲ್ಲಿ ಕೂತ ಒಬ್ಬ ಮುದುಕನಿಂದ. ಮೊದಮೊದಲು ಅದು ಸಂಭಾವಿತ ಪೆಟ್ಟಿಗೆಯೇ. ಡೆ ಮೊಯ್ನ್ ಊರಿನ ಒಂದು ಬಾರಿನ ಮೆಟ್ಟಿಲ ಮೇಲೆ ಡುವೇನ್ ಕೈಬಿಟ್ಟ ನೋಡಿ, ಉರುಳಿ ಬಿದ್ದು ಒಳಗೆ ಅದುರಿ ಸದ್ದು ಹೊರಡಿಸುವ ಕಾಗದದ ಪೊರೆ ಹರಿಯಿತು. ಬೇರೆ ಪೆಟ್ಟಿಗೆ ಇರಲಿಲ್ಲ, ಅದರಲ್ಲೇ ಬಾರಿಸಿದಳು. ಮಾಳಿಗೆಯ ಮೇಲೆ ಯಾರೋ ಕಬ್ಬಿಣದ ಮಂಚ ಎಳೆದಂಥ ಗೊರಗೊರ ಸದ್ದು ಹೊರಟಿತು. ಜನ ಮೊದಲು ಕಿವಿ ಮುಚ್ಚಿದರು, ಆಮೇಲೆ ಬಿಯರು ಹಿಡಿದುಕೊಂಡೇ ಮುಂದಕ್ಕೆ ನುಗ್ಗಿದರು. ಅಂದಿನಿಂದ ಆ ಗೊರಗೊರವೇ ರೆನಾಟಾ, ರೆನಾಟಾ ಅಂದರೆ ಆ ಗೊರಗೊರ. ಷಿಕಾಗೋದ ಒಂದು ಪುಟ್ಟ ಕಂಪನಿಯವನು ರೆಕಾರ್ಡು ತರಲು ಒಪ್ಪಿದ್ದೂ ಅದಕ್ಕೇ. “ಆ ಸದ್ದು ಇರ್ಬೇಕು ನೋಡಮ್ಮ, ಅದಿಲ್ಲದಿದ್ರೆ ನಂಗೆ ಟೇಪೇ ಕಳಿಸ್ಬೇಡ” ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದ. ರೆಕಾರ್ಡಿಂಗಿಗೆ ಹಾಲ್ವರ್ಸನ್ ಎಂಬವನ ಸ್ಟುಡಿಯೋ ಸಿಕ್ಕಿದ್ದು ಒಂದೇ ಒಂದು ದಿನಕ್ಕೆ.

ಆ ದಿನ ರೆನಾಟಾಳ ಅಮ್ಮ ಜೆನೆವೀವ್ ಕೂಡ ವ್ಯಾನು ಹತ್ತಿದಳು, ತೊಡೆಯ ಮೇಲೆ ಸಾಸೇಜು, ಹುಳಿ ಎಲೆಕೋಸಿನ ಪಾತ್ರೆ ಇಟ್ಟುಕೊಂಡು. ಬಸ್ಸಿನ ಸೀಟುಗಳಿಗೆ ಹೊದಿಕೆ ಹೊಲಿಯುವ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ ಹೆಂಗಸು. ತಂಡದ ಅಭ್ಯಾಸವೆಲ್ಲ ಅವಳ ಅಡುಗೆಮನೆಯ ಕೆಳಗಿನ ನೆಲಮಾಳಿಗೆಯಲ್ಲೇ ನಡೆಯುತ್ತಿದ್ದರೂ ಆಕೆ ಒಳ್ಳೆಯದು ಕೆಟ್ಟದ್ದು ಒಂದು ಮಾತು ಆಡಿದವಳಲ್ಲ. “ಬನ್ರೋ, ಸೂಪು ಆರುತ್ತೆ” ಅನ್ನುವುದಷ್ಟೇ ಆಕೆಯ ವಿಮರ್ಶೆ. ಅಮ್ಮನಿಗೆ ಇದೆಲ್ಲ ಬರೀ ಗಲಾಟೆ ಎಂದು ರೆನಾಟಾ ಎಂದೋ ತೀರ್ಮಾನಿಸಿದ್ದಳು. ನೋವಿತ್ತು, ಹೇಳಿಕೊಂಡಿರಲಿಲ್ಲ.

ಸ್ಟುಡಿಯೋದಲ್ಲಿ ಮೈಕು ಇಟ್ಟು, ತಂತಿ ಸಿಕ್ಕಿಸಿ, ರೆನಾಟಾ ಮೊದಲ ಏಟು ಹಾಕಿದಳು.

ಗೊರಗೊರ ಇಲ್ಲ! ದುಂಡಗೆ, ನಯವಾಗಿ, ಮದುವೆ ಮನೆಯ ಪೋಲ್ಕಾದ ಹಾಗೆ ‘ಭೂಂ’ ಎಂದಿತು.

“ಹೇಗಿದೆ?” ಅಮ್ಮ ಬಾಗಿಲಲ್ಲಿ ನಿಂತು ಮುಖವರಳಿಸಿದಳು. “ಹರಿದ್ಹೋಗಿತ್ತಲ್ಲೇ ಅದು! ಇಷ್ಟು ದೊಡ್ಡ ಜಾಗಕ್ಕೆ ನನ್ ಮಗಳು ಹರಕು ಸಾಮಾನು ತಗೊಂಡ್ಬರೋದಾ? ನಿನ್ನೆ ರಾತ್ರಿ ನೆಲಮಾಳಿಗೆಗಿಳಿದು ಒಳ್ಳೇ ಬಟ್ಟೆ ಇಟ್ಟು ಹೊಲಿದು, ಅಂಚಿಗೆ ಅಂಟು ಹಚ್ಚಿದೀನಿ. ಎಲ್ಲಿ, ಹೊಲಿಗೆ ಕಾಣ್ಸುತ್ತಾ ಹೇಳು ನೋಡಣ.”

ಕಾಣಿಸುತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟು.

“ತುಂಬಾ ಚೆನ್ನಾಗಿದೆ ಅಮ್ಮ” ಎಂದಳು ರೆನಾಟಾ. ಅಮ್ಮ ಬೀಗುತ್ತ ಗಾಜಿನ ಗೋಡೆಯಾಚೆ, ರೆಕಾರ್ಡಿಂಗ್ ಯಂತ್ರದ ಮುಂದಿದ್ದ ಹಾಲ್ವರ್ಸನ್ನನ ಪಕ್ಕ ಹೋಗಿ ಕೂತಳು.

ಡುವೇನ್ ಮೆಲ್ಲಗೆ ಜೇಬಿನಿಂದ ಚಾಕು ತೆಗೆದ. “ಆಯಮ್ಮನ್ನ ಕಾಫಿಗೆ ಕಳ್ಸು. ಒಂದೇ ಗೀಟು, ಮುಗೀತು.”

“ಮುಟ್ಟಿ ನೋಡು. ಕೈ ಮುರಿದು ನಿನ್ ಡ್ರಮ್ಮಿನೊಳಗೇ ತುರುಕ್ತೀನಿ.”

“ಮತ್ತೆ ಕಂಪನಿಯೋನಿಗೆ ಏನಂತೀಯ? ಅಮ್ಮ ಹೊಲಿದುಬಿಟ್ರು ಅಂತೀಯಾ?” ಕರ್ಟಿಸ್ ಹಲ್ಲು ಕಡಿದ.

ಏನನ್ನುತ್ತಾಳೆ ಪಾಪ! ಒಂದು ಕಡೆ ಇಷ್ಟು ವರ್ಷ ವ್ಯಾನಿನಲ್ಲಿ ಮಲಗಿ, ತಣ್ಣಗಿನ ಬೀನ್ಸು ತಿಂದು ಗಳಿಸಿದ ತನ್ನದೇ ಒಂದು ಸದ್ದು. ಇನ್ನೊಂದು ಕಡೆ ಹೊಗಳಿಕೆಗೆ ಹಿಗ್ಗಿದ ಅಮ್ಮನ ಮುಖ. ಆ ಹೊಲಿಗೆ ಸೀಳುವ ಕಲ್ಲೆದೆ ಅವಳಿಗಿರಲಿಲ್ಲ. ಕೈಯಿಂದಲೇ ಆ ಸದ್ದು ಹೊರಡಿಸುತ್ತೇನೆ ಎಂದು ಹಟಕ್ಕೆ ಬಿದ್ದಳು. ಶ್ರುತಿ ಇನ್ನೂ ಇಳಿಸಿದಳು, ತಗಡು ಬಾಗುವ ತನಕ ಬಡಿದಳು, ಬೆರಳಿನ ಗೆಣ್ಣು ಸುಲಿಯಿತು. ಒಂದು ಹಾಡು ಪೂರ್ತಿ ಮುಗಿಸಿದರು. ನಯವಾದ ‘ಭೂಂ’ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಗಾಜಿನಾಚೆ ಹಾಲ್ವರ್ಸನ್ನನ ಪಕ್ಕ ಕೂತಿದ್ದ ಜೆನೆವೀವ್ ಎದ್ದು ಒಳಗೆ ಬಂದಳು.

“ಇದ್ಯಾವ ಹಾಡು?”

“‘ಬಾಯ್ಲರ್’. ಮನೇಲಿ ದಿನಾ ಬಾರಿಸ್ತೀವಲ್ಲಮ್ಮ.”

“ಯಾರಿಗೆ ಹೇಳ್ತೀಯ? ಆ ಹಾಡಿನ ಮೇಲೆ ನಿಂತ್ಕೊಂಡು ಎಷ್ಟು ಸೂಪು ಕದಡಿದೀನಿ ನಾನು! ಎರಡು ಸಲ ಕಿರುಚ್ತಾನೆ ಇವ್ನು, ಆಮೇಲೆ ಸುಮ್ಮನಾಗ್ತಾನೆ, ಆಗ ನೀನೊಬ್ಳೇ ಬರ್ತೀಯ. ಅಲ್ಲಿ ನನ್ ಅಂಗಾಲಿಂದ ಹಲ್ಲಿನವರೆಗೂ ಜುಮ್ಮನ್ನುತ್ತೆ. ಇವತ್ತು ಏನೂ ಆಗ್ಲಿಲ್ಲ. ಎಲ್ಲಿ ಹೋಯ್ತು ಅದು?”

ಡುವೇನ್ ಮತ್ತೆ ಚಾಕು ಹೊರತೆಗೆದಿದ್ದ. ಮುದುಕಿ ಅದನ್ನು ನೋಡಿದಳು, ಪೆಟ್ಟಿಗೆಯನ್ನೂ ನೋಡಿದಳು.

“ಓ ದೇವರೇ! ಆ ಹರಕಲೇ ಬೇಕಿತ್ತಾ?”

“ಹೂಂ ಅಮ್ಮ.”

“ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ, ಹೇಳೋಕಾಗ್ಲಿಲ್ವಾ?”

“ನೀನು ಅಷ್ಟು ಮುದ್ದಾಗಿ ಹೊಲಿದಿದ್ದೆ...”

“ಹೊಲಿಗೆ ಮನೆ ಹಾಳಾಗ! ಜೀವಮಾನ ಪೂರ್ತಿ ಹೊಲಿದಿದೀನಿ, ನೋಡಿದೋರು ಯಾರೇ? ಎಲ್ಲರೂ ಅದರ ಮೇಲೆ ಕೂತ್ರು, ಅಷ್ಟೆ. ನಿನ್ನದನ್ನ ಕೇಳೋಕೆ ಜನ ಬರ್ತಾರೆ. ಏಯ್ ಡುವೇನ್, ಚಾಕು ಒಳಗಿಡೋ, ಮೀನು ಕುಯ್ಯೋನ ಥರ ನಿಂತಿದೀಯ. ಹೊಲಿದೋಳೇ ಬಿಚ್ಚಬೇಕು, ನೀನು ಮುಟ್ಟಿದ್ರೆ ಚಿಂದಿ ಆಗುತ್ತೆ.”

ಕೈಚೀಲದಿಂದ ಪುಟ್ಟ ಕತ್ತರಿ ತೆಗೆದು ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಳು. ಒಂದೊಂದೇ ಹೊಲಿಗೆ ಬಿಚ್ಚುತ್ತ, ಅಂಟು ಬಿಡಿಸುತ್ತ, ಮಧ್ಯೆ ಮಧ್ಯೆ “ಬಾರ್ಸು” ಎನ್ನುವಳು. ರೆನಾಟಾ ಬಾರಿಸುವಳು. “ಊಹೂಂ, ಇನ್ನೂ ಬಂದಿಲ್ಲ.” ಮತ್ತೆರಡು ಹೊಲಿಗೆ. “ಹತ್ರ ಬಂತು. ತಡಿ.” ತನ್ನ ಸದ್ದು ಅಮ್ಮನಿಗೆ ಇಷ್ಟು ಚೆನ್ನಾಗಿ ಗೊತ್ತಿತ್ತೇ ಎಂದು ರೆನಾಟಾಳ ಕಣ್ಣು ಮಂಜಾಯಿತು. ಇಷ್ಟು ವರ್ಷ ಕೆಳಗೆ ತಾನು ಬಡಿದದ್ದನ್ನೆಲ್ಲ ಮೇಲೊಬ್ಬಳು ನಿಂತು ಕೇಳಿದ್ದಳು. ಯಾವ ಚಪ್ಪಾಳೆಗೂ ಅವಳ ಎದೆ ಹೀಗೆ ಉಬ್ಬಿರಲಿಲ್ಲ.

ಕೊನೆಯ ಬಟ್ಟೆ ಚೂರು ಕಳಚಿ ಬಂತು. ರೆನಾಟಾ ಏಟು ಹಾಕಿದಳು. ಗೊರ್‍ರ್‍ರ್ ಎಂದು ಕೋಣೆಯೇ ನಡುಗಿತು, ಕರ್ಟಿಸ್ ಕೇಕೆ ಹಾಕಿದ.

“ಬಂತು!” ಅಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಸೀದಾ ಗಾಜಿನಾಚೆ ಹೋಗಿ ಮತ್ತೆ ತನ್ನ ಕುರ್ಚಿಯಲ್ಲಿ ಕೂತಳು.

ಹಾಡು ಶುರುವಾಗಿ ಅರ್ಧಕ್ಕೆ ಬಂದಾಗ ಆಚೆಯ ಮೈಕಿನಿಂದ ಅಮ್ಮನ ದನಿ ಎಲ್ಲರ ಹೆಡ್‌ಫೋನಿನಲ್ಲೂ ಮೊಳಗಿತು. ಗುಂಡಿ ಅದುಮಿದ್ದು ಆಕೆಯೇ.

“ನಿಲ್ಸಿ, ನಿಲ್ಸಿ! ಏನಪ್ಪಾ ಹಾಲ್ವರ್ಸನ್, ನನ್ ಮಗಳದ್ದು ಕೇಳಿಸ್ತಾನೇ ಇಲ್ಲ. ಜೋರು ಮಾಡು.”

“ಮಿಸೆಸ್ ಕುಚೆಕ್, ಇನ್ನೂ ಜೋರು ಮಾಡಿದ್ರೆ ನನ್ ಸ್ಪೀಕರೂ ಹರಿದ್ಹೋಗುತ್ತೆ.”

“ಹರೀಲಿ ಬಿಡು. ನಾನು ಹೊಲಿದು ಕೊಡ್ತೀನಿ.”